ಥೀಸಿಸ್ ಬರೆಯುವುದನ್ನು ಕೊನೆಯ ವರ್ಷಕ್ಕೆ ಇಟ್ಟುಕೊಳ್ಳಬೇಡಿ

ನಾನು ಪಿಎಚ್‌ಡಿ ಗೈಡ್. ಹೊಸದಾಗಿ ಸೇರಿದ ಹೆಚ್ಚಿನವರ ತಲೆಯಲ್ಲಿ ಒಂದೇ ಲೆಕ್ಕ ಇರುತ್ತದೆ: ಮೊದಲು ಓದುವುದು, ಆಮೇಲೆ ಡೇಟಾ ಸೇರಿಸುವುದು, ಕೊನೆಯ ವರ್ಷ ಕೂತು ಥೀಸಿಸ್ ಬರೆಯುವುದು. ಈ ಲೆಕ್ಕವನ್ನು ಮೊದಲ ತಿಂಗಳೇ ಬಿಡಿಸಲು ನೋಡುತ್ತೇನೆ. ಯಾಕೆಂದರೆ ಒಳ್ಳೆಯ ಕೆಲಸ ಮಾಡಿ, ಡೇಟಾ ಎಲ್ಲ ಕೈಯಲ್ಲಿಟ್ಟುಕೊಂಡು, ಬರೆಯಲಾಗದೆ ಬಿಟ್ಟುಹೋದವರನ್ನು ನೋಡಿದ್ದೇನೆ. ತುಂಬಾ ಬೇಜಾರಾಗುತ್ತದೆ.

ಓದಿದ್ದು ತಲೆಗೆ ಹೋಗಿದೆಯೋ ಇಲ್ಲವೋ ಗೊತ್ತಾಗುವುದು ಬರೆಯಲು ಕೂತಾಗಲೇ. ಒಂದು ಪೇಪರ್ ಮುಗಿಸಿದ ಕೂಡಲೇ ನಾಲ್ಕೈದು ಸಾಲು ನಿಮ್ಮ ಮಾತಿನಲ್ಲೇ ಬರೆಯಿರಿ. ಇವರು ಕೇಳಿದ ಪ್ರಶ್ನೆ ಏನು, ಉತ್ತರ ಹೇಗೆ ಹುಡುಕಿದರು, ಎಲ್ಲಿ ನನಗೆ ನಂಬಿಕೆ ಬರಲಿಲ್ಲ, ನನ್ನ ಕೆಲಸಕ್ಕೆ ಇದು ಯಾಕೆ ಬೇಕು. ಝೊಟೆರೊದಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಪೇಪರ್ ಪಕ್ಕದಲ್ಲೇ ಈ ಟಿಪ್ಪಣಿ ಇಡಬಹುದು. ಸುಮ್ನೆ ಪಿಡಿಎಫ್ ಡೌನ್‌ಲೋಡ್ ಮಾಡಿ ಗುಡ್ಡೆ ಹಾಕಿದರೆ ಓದಿದಂತಾಗುವುದಿಲ್ಲ, ಅಲ್ವಾ?

ವಿಧಾನದ ಚಾಪ್ಟರ್ ಅಂತೂ ಕೆಲಸ ಮಾಡುತ್ತಿರುವಾಗಲೇ ಬರೆಯಬೇಕು. ನನ್ನ ಒಬ್ಬ ವಿದ್ಯಾರ್ಥಿನಿ ಪ್ರತಿದಿನ ಸಂಜೆ ಲ್ಯಾಬ್ ಪುಸ್ತಕದಲ್ಲಿ ಅಂದಿನ ನಿರ್ಧಾರಗಳನ್ನು ಕಾರಣದ ಜೊತೆ ಬರೆದಿಡುತ್ತಿದ್ದಳು. ‘ಇವತ್ತಿನ ಮೂರು ಸ್ಯಾಂಪಲ್ ಕೈಬಿಟ್ಟೆ, ಬೆಳಗ್ಗೆ ತಕ್ಕಡಿ ಕ್ಯಾಲಿಬ್ರೇಟ್ ಆಗಿರಲಿಲ್ಲ.’ ಇಷ್ಟೇ. ವೈವಾದಲ್ಲಿ, ಅಂದರೆ ಥೀಸಿಸ್ ಮೇಲಿನ ಮೌಖಿಕ ಪರೀಕ್ಷೆಯಲ್ಲಿ, ಪರೀಕ್ಷಕರು ಅದನ್ನೇ ಕೇಳಿದರು, ಆ ಸ್ಯಾಂಪಲ್‌ಗಳನ್ನು ಯಾಕೆ ಬಿಟ್ಟಿರಿ ಅಂತ. ಅವಳು ಪುಟ ತೆಗೆದು ತೋರಿಸಿದಳು, ಮುಂದಿನ ಪ್ರಶ್ನೆಗೆ ಹೋದರು. ಬಳಸಿದ ಸಾಫ್ಟ್‌ವೇರ್ ವರ್ಷನ್, ಪ್ರಶ್ನಾವಳಿಯಲ್ಲಿ ಬದಲಾಯಿಸಿದ ಒಂದು ಸಾಲು, ಇಂಥವು ಎರಡು ವರ್ಷದ ನಂತರ ಯಾರಿಗೂ ನೆನಪಿರುವುದಿಲ್ಲ.

ಇನ್ನು ವಿಷಯದ ಗಾತ್ರ. ‘ಆನ್‌ಲೈನ್ ಕಲಿಕೆಯ ಪರಿಣಾಮ’ ಅಂತ ಬರೆದು ತಂದರೆ ನಾನು ವಾಪಸ್ ಕೊಡುತ್ತೇನೆ, ಅದು ಹತ್ತು ಜನ ಹತ್ತು ವರ್ಷ ಮಾಡುವ ಕೆಲಸ. ‘ವಿಡಿಯೊ ಪಾಠವನ್ನು ಮಧ್ಯೆ ಮಧ್ಯೆ ನಿಲ್ಲಿಸಿ ನೋಡಿದವರಿಗೆ ಒಂದು ವಾರದ ನಂತರ ಜಾಸ್ತಿ ನೆನಪಿರುತ್ತದೆಯೇ’ ಅನ್ನುವುದು ಪ್ರಶ್ನೆ. ಇದಕ್ಕೆ ಉತ್ತರ ಹುಡುಕಬಹುದು, ತಪ್ಪಿದ್ದರೆ ತಪ್ಪು ಅಂತ ತೋರಿಸಲೂಬಹುದು. ಚಿಕ್ಕ ಪ್ರಶ್ನೆ ಅಂದರೆ ಸಣ್ಣ ಕೆಲಸ ಅಂತ ಹೆದರುವವರಿಗೆ ಗಣಿತಜ್ಞ ಜಾನ್ ನ್ಯಾಶ್ ಅವರ ಉದಾಹರಣೆ ಕೊಡುತ್ತೇನೆ. 1950ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಅವರು ಸಲ್ಲಿಸಿದ ಥೀಸಿಸ್ 30 ಪುಟವೂ ಇರಲಿಲ್ಲ. ಗೇಮ್ ಥಿಯರಿಯಲ್ಲಿನ (ಒಬ್ಬರ ನಿರ್ಧಾರ ಇನ್ನೊಬ್ಬರ ನಿರ್ಧಾರದ ಮೇಲೆ ನಿಂತಿರುವ ಸಂದರ್ಭಗಳ ಗಣಿತ) ಆ ಕೆಲಸಕ್ಕೆ 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಎಲ್ಲ ವಿಷಯಕ್ಕೂ 30 ಪುಟ ಸಾಲುವುದಿಲ್ಲ, ನಿಜ. ಆದರೆ ಒಂದು ಹೊಸ ಮಾತನ್ನು ಗಟ್ಟಿಯಾಗಿ ಹೇಳಿದರೆ ಸಾಕು ಅನ್ನುವುದು ಎಲ್ಲರಿಗೂ ಅನ್ವಯಿಸುತ್ತದೆ.

ಗೈಡ್‌ಗೆ ಅರೆಬರೆ ಡ್ರಾಫ್ಟ್ ಕೊಡಲು ನಾಚಿಕೆ ಬೇಡ. ನಾಲ್ಕು ಪುಟದಲ್ಲಿ ದಾರಿ ತಪ್ಪಿದ್ದರೆ ತಿದ್ದುವುದು ಸುಲಭ, ನೂರು ಪುಟ ಆದ ಮೇಲೆ ಇಬ್ಬರಿಗೂ ಕಷ್ಟ. ಭೇಟಿಗೆ ಎರಡು ದಿನ ಮೊದಲೇ ಕಳಿಸಿ, ಯಾವ ಭಾಗದಲ್ಲಿ ಅನುಮಾನ ಇದೆ ಅಂತ ಗುರುತು ಹಾಕಿ. ಭೇಟಿ ಮುಗಿದ ದಿನವೇ ಏನು ತೀರ್ಮಾನ ಆಯಿತು ಅಂತ ಒಂದು ಮೇಲ್ ಹಾಕಿ. ನಮಗೂ ಮರೆತುಹೋಗುತ್ತದೆ, ಹೋದ ತಿಂಗಳು ಬೇಡ ಅಂದದ್ದನ್ನು ಈ ತಿಂಗಳು ಯಾಕೆ ಮಾಡಿಲ್ಲ ಅಂತ ಕೇಳಿಬಿಡುತ್ತೇವೆ. ಆಗ ಆ ಮೇಲ್ ನಿಮ್ಮ ಪರವಾಗಿ ಮಾತಾಡುತ್ತದೆ.

ಜರ್ನಲ್‌ನಿಂದ ಪೇಪರ್ ವಾಪಸ್ ಬಂದರೆ ಒಂದೆರಡು ದಿನ ಬಿಟ್ಟು ಮತ್ತೆ ಓದಿ. ಪ್ರತಿ ಟೀಕೆಗೆ ಒಂದು ಸಾಲು, ಅದರ ಎದುರಿಗೆ ನಿಮ್ಮ ಉತ್ತರ. ಒಪ್ಪದಿದ್ದರೆ ಕಾರಣ ಕೊಟ್ಟು ಒಪ್ಪುವುದಿಲ್ಲ ಅಂತ ಬರೆಯಬಹುದು, ವೈವಾಗೆ ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ಗೈಡ್ ಕಡೆಯಿಂದ ತಿಂಗಳುಗಟ್ಟಲೆ ಉತ್ತರವೇ ಬರದಿದ್ದರೆ ಸಹಿಸಿಕೊಂಡು ಕೂರಬೇಡಿ. ಸಂಶೋಧನಾ ಸಮಿತಿಯ ಇನ್ನೊಬ್ಬ ಸದಸ್ಯರ ಹತ್ತಿರ ಹೋಗಿ, ಡ್ರಾಫ್ಟ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಸಮಿತಿ ಇರುವುದು ಇದಕ್ಕೂ ಹೌದು.