ಚಳಿಗಾಲಕ್ಕೆ ಮುಂಚೆಯೇ ಬಾ

ತ್ರೋವ ಪಟ್ಟಣದಲ್ಲಿ ಕರ್ಪನೆಂಬವನ ಬಳಿ ಒಂದು ಮೇಲಂಗಿ ಉಳಿದುಹೋಗಿತ್ತು. ಅದರ ಒಡೆಯ ರೋಮಿನಲ್ಲಿ ಬೇಡಿ ತೊಟ್ಟು ಕುಳಿತಿದ್ದ. ಚಳಿಗಾಲ ಹತ್ತಿರವಾಗುತ್ತಿತ್ತು. ಆತ ತನ್ನ ಶಿಷ್ಯನಿಗೆ ಪತ್ರ ಬರೆಸಿದ: ಬರುವಾಗ ಆ ಮೇಲಂಗಿ ತೆಗೆದುಕೊಂಡು ಬಾ, ಪುಸ್ತಕಗಳನ್ನೂ ತಾ, ಮುಖ್ಯವಾಗಿ ಆ ಚರ್ಮದ ಹಾಳೆಗಳನ್ನು ಮರೆಯಬೇಡ.

ಬರೆಸಿದವನು ಅಪೊಸ್ತಲ ಪೌಲ. ಓದಿದವನು ತಿಮೊಥೆಯ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಈ ಮಾತಿದೆ. ಅದೇ ಅಧ್ಯಾಯದಲ್ಲಿ, ಕೆಲವೇ ವಚನಗಳ ಮೇಲೆ, ಒಳ್ಳೆಯ ಹೋರಾಟ ಹೋರಾಡಿದ್ದೇನೆ, ಓಟ ಮುಗಿಸಿದ್ದೇನೆ, ನಂಬಿಕೆ ಕಾಪಾಡಿಕೊಂಡಿದ್ದೇನೆ ಎಂಬ ಪ್ರಸಿದ್ಧ ಮಾತು ಬರುತ್ತದೆ. ಅದನ್ನು ನಾವು ಬಾಯಿಪಾಠ ಮಾಡಿದ್ದೇವೆ, ಸಮಾಧಿಯ ಕಲ್ಲುಗಳ ಮೇಲೆ ಕೆತ್ತಿಸಿದ್ದೇವೆ. ಮೇಲಂಗಿಯ ವಚನವನ್ನು ಮಾತ್ರ ಯಾರೂ ಕೆತ್ತಿಸಿದ್ದನ್ನು ನಾನು ನೋಡಿಲ್ಲ. ಆದರೆ ವಿಶ್ವಾಸದಲ್ಲಿ ನಮ್ಮನ್ನು ನಡೆಸಿದ ಹಿರಿಯರನ್ನು ಗೌರವಿಸುವುದೆಂದರೇನು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ವಚನವೇ.

ಪಶ್ಚಿಮದ ಸಭೆಗಳ ಪಂಚಾಂಗದಲ್ಲಿ ಜನವರಿ 25 ಪೌಲನ ಮನಪರಿವರ್ತನೆಯ ಹಬ್ಬ. ಮರುದಿನವೇ, ಜನವರಿ 26ರಂದು, ತಿಮೊಥೆಯ ಮತ್ತು ಪೌಲನ ಇನ್ನೊಬ್ಬ ಶಿಷ್ಯ ತೀತ, ಇವರ ಸ್ಮರಣೆ. ಕಥೋಲಿಕ ಸಭೆಯಲ್ಲಿ ಮೊದಲು ಹೀಗಿರಲಿಲ್ಲ. ತಿಮೊಥೆಯನ ದಿನ ಜನವರಿ 24 ಆಗಿತ್ತು, ತೀತನದು ಫೆಬ್ರವರಿ 6. 1969ರಲ್ಲಿ ಪಂಚಾಂಗವನ್ನು ಪರಿಷ್ಕರಿಸಿದಾಗ ಇಬ್ಬರನ್ನೂ ಒಟ್ಟಿಗೆ ತಂದು ಗುರುವಿನ ಹಬ್ಬದ ಬೆನ್ನಿಗೇ ಇರಿಸಿದರು. ಎಷ್ಟು ಚೆಂದದ ಕೆಲಸ ಮಾಡಿದರು! ಗುರುವಿನ ದಿನ ಮುಗಿಯುತ್ತಿದ್ದಂತೆ ಶಿಷ್ಯರ ದಿನ ತೆರೆದುಕೊಳ್ಳುತ್ತದೆ. ನಾನು ಈ ಎರಡು ದಿನಗಳನ್ನು ಒಂದೇ ಹಬ್ಬವೆಂದು ಆಚರಿಸುತ್ತೇನೆ. ಆ ರಾತ್ರಿ ತಿಮೊಥೆಯನಿಗೆ ಬರೆದ ಎರಡನೆಯ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ಇರುವುದು ನಾಲ್ಕೇ ಅಧ್ಯಾಯ.

ಪೌಲನ ಹಬ್ಬವೆಂದರೆ ದಮಸ್ಕದ ದಾರಿ, ಆಕಾಶದ ಬೆಳಕು, ನೆಲಕ್ಕೆ ಬಿದ್ದ ಸೌಲ. ಸೌಲ ಎಂಬುದು ಪೌಲನ ಇನ್ನೊಂದು ಹೆಸರು. ನಮ್ಮ ಕಣ್ಣು ಅಲ್ಲಿಗೇ ಹೋಗುತ್ತದೆ. ನನ್ನ ಮನಸ್ಸು ಮಾತ್ರ ಅದರ ಮುಂದಿನ ಘಟನೆಯಲ್ಲಿ ನಿಲ್ಲುತ್ತದೆ. ಕಣ್ಣು ಕಾಣದೆ, ಅನ್ನ ನೀರಿಲ್ಲದೆ ಮೂರು ದಿನ ಕುಳಿತಿದ್ದ ಆ ಮನುಷ್ಯನ ಬಳಿಗೆ ದಮಸ್ಕದ ಶಿಷ್ಯ ಅನನೀಯ ಬರುತ್ತಾನೆ. ಆತನಿಗೆ ಹೆದರಿಕೆ ಇತ್ತು, ಅದನ್ನು ಕರ್ತನ ಮುಂದೆ ಮುಚ್ಚಿಡಲಿಲ್ಲ. ಈ ಮನುಷ್ಯ ನಿನ್ನ ಜನರಿಗೆ ಎಷ್ಟು ಕೇಡು ಮಾಡಿದ್ದಾನೆಂದು ಕೇಳಿದ್ದೇನೆ ಎಂದು ಹೇಳಿಯೇ ಹೊರಟ. ಹೋಗಿ ಕೈಯಿಟ್ಟು ಆಡಿದ ಮೊದಲ ಮಾತು, "ಸಹೋದರನಾದ ಸೌಲನೇ." ನಿನ್ನೆಯವರೆಗೆ ತನ್ನಂಥವರನ್ನು ಕಟ್ಟಿಹಾಕಲು ಬರುತ್ತಿದ್ದವನಿಗೆ ಸಹೋದರ ಎಂಬ ಹೆಸರು ಕೊಟ್ಟ. ಅಪೊಸ್ತಲರ ಕೃತ್ಯಗಳಲ್ಲಿ ಅನನೀಯನ ಕಥೆ ಅಷ್ಟೇ. ಮುಂದೆ ಪೌಲನೇ ಯೆರೂಸಲೇಮಿನಲ್ಲಿ ತನ್ನ ಸಾಕ್ಷಿ ಹೇಳುವಾಗ ಒಮ್ಮೆ ಆತನನ್ನು ನೆನೆಯುತ್ತಾನೆ. ವರ್ಷಗಳ ನಂತರವೂ ಮೊದಲು ಕೈಯಿಟ್ಟವನ ಹೆಸರನ್ನು ಪೌಲ ಬಿಟ್ಟಿರಲಿಲ್ಲ.

ಆಮೇಲೆ ಬಾರ್ನಬ. ಆತನ ನಿಜವಾದ ಹೆಸರು ಯೋಸೇಫ, ಕುಪ್ರದ್ವೀಪದ ಲೇವಿಯ. ಧೈರ್ಯ ತುಂಬುವವನೆಂಬ ಅರ್ಥದ ಈ ಹೆಸರನ್ನಿಟ್ಟವರು ಅಪೊಸ್ತಲರು. ಯೆರೂಸಲೇಮಿನಲ್ಲಿ ಎಲ್ಲರೂ ಸೌಲನನ್ನು ಕಂಡು ಹೆದರಿ ದೂರ ಸರಿದಾಗ ಕೈಹಿಡಿದು ಒಳಗೆ ಕರೆದೊಯ್ದವನು ಈತನೇ. ಮುಂದೆ ಅಂತಿಯೋಕ್ಯದಲ್ಲಿ ಕೆಲಸ ಹೆಚ್ಚಾದಾಗ ತಾನೇ ತಾರ್ಸಕ್ಕೆ ಹೋಗಿ, ಸೌಲನನ್ನು ಹುಡುಕಿ, ಕರೆತಂದ. ಇಬ್ಬರೂ ಒಂದು ವರ್ಷವಿಡೀ ಅಲ್ಲಿ ಬೋಧಿಸಿದರು. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಆ ಪಟ್ಟಣದಲ್ಲೇ. ಅಪೊಸ್ತಲರ ಕೃತ್ಯಗಳನ್ನು ಬರೆದ ಲೂಕನು ಮೊದಮೊದಲು "ಬಾರ್ನಬ ಮತ್ತು ಸೌಲ" ಎಂದು ಬರೆಯುತ್ತಾನೆ. ಹದಿಮೂರನೆಯ ಅಧ್ಯಾಯದ ನಡುವೆ ಅದು ತಿರುವುಮುರುವಾಗಿ "ಪೌಲ ಮತ್ತು ಬಾರ್ನಬ" ಎಂದಾಗುತ್ತದೆ. ಬಾರ್ನಬ ಅದಕ್ಕೆ ನೊಂದುಕೊಂಡನೆಂದು ಎಲ್ಲಿಯೂ ಇಲ್ಲ. ತಾನು ಹುಡುಕಿ ತಂದವನು ತನ್ನನ್ನು ದಾಟಿ ಮುಂದೆ ಹೋದಾಗ ಜೊತೆಗೇ ನಡೆದ. ನಾಯಕರಲ್ಲಿ ನಾನು ಹುಡುಕುವ ಗುಣ ಇದು, ಮತ್ತು ಇದು ಅಪರೂಪ.

ಅವರಿಬ್ಬರೂ ಜಗಳವಾಡಿದರು ಎಂಬುದನ್ನೂ ಸತ್ಯವೇದ ಮರೆಮಾಚುವುದಿಲ್ಲ. ಜಗಳದ ಕಾರಣ ಯೋಹಾನನೆನಿಸಿಕೊಂಡ ಮಾರ್ಕ. ಮೊದಲ ಪ್ರಯಾಣದಲ್ಲಿ ಪಂಫುಲ್ಯದಿಂದ ಅರ್ಧಕ್ಕೇ ಹಿಂತಿರುಗಿದವನನ್ನು ಮತ್ತೆ ಕರೆದೊಯ್ಯುವುದು ಬೇಡ ಎಂದ ಪೌಲ. ಬೇಕು ಎಂದ ಬಾರ್ನಬ. ಮಾತು ಬೆಳೆದು ಇಬ್ಬರೂ ಬೇರೆಬೇರೆ ದಾರಿ ಹಿಡಿದರು. ಆದರೆ ಮೇಲಂಗಿ ಬೇಡಿದ ಅದೇ ಅಧ್ಯಾಯದಲ್ಲಿ, ಮೇಲಂಗಿಯ ಮಾತಿಗೆ ಎರಡು ವಚನ ಮುಂಚೆ, ಇನ್ನೊಂದು ಮಾತಿದೆ: ಮಾರ್ಕನನ್ನೂ ಕರೆದುಕೊಂಡು ಬಾ, ಸೇವೆಗೆ ಅವನು ನನಗೆ ಉಪಯುಕ್ತನು. ಬೇಡವೆಂದವನೇ ಬೇಕೆಂದ. ಅಷ್ಟು ದೊಡ್ಡ ಅಪೊಸ್ತಲನು ತನ್ನ ತೀರ್ಪನ್ನು ತಾನೇ ತಿದ್ದಿಕೊಂಡು ಶಿಷ್ಯನಿಗೆ ಬರೆದ ಪತ್ರದಲ್ಲೇ ಅದನ್ನು ಸೇರಿಸಿದ.

ಈ ವಚನ ನನಗೆ ಬರೀ ಓದಿನಿಂದ ಅರ್ಥವಾದದ್ದಲ್ಲ. ನನಗೆ ಪ್ರಾರ್ಥನೆ ಮಾಡಲು, ವಾಕ್ಯ ಓದಲು ಕಲಿಸಿದ ಹಿರಿಯರೊಬ್ಬರಿದ್ದರು. ಮಕ್ಕಳ ಭಾನುವಾರದ ತರಗತಿಗೆ ನಾನು ಕಲಿಸುತ್ತಿದ್ದ ದಿನಗಳವು. ಒಂದು ವಾರ ಏನೂ ಸಿದ್ಧಮಾಡಿಕೊಳ್ಳದೆ ಹೋಗಿ ಬಾಯಿಗೆ ಬಂದದ್ದು ಹೇಳಿ ಗಂಟೆ ಕಳೆದೆ. ಹಿರಿಯರು ಹಿಂದೆ ಕುಳಿತು ಕೇಳಿದ್ದರು. ತರಗತಿ ಮುಗಿದ ಮೇಲೆ ಉಳಿದ ಶಿಕ್ಷಕರ ಎದುರಿನಲ್ಲೇ, "ಓದದೆ ಬರುವವರು ಮಕ್ಕಳ ಮುಂದೆ ನಿಲ್ಲಬಾರದು" ಎಂದರು. ನನ್ನ ಮುಖ ಸುಟ್ಟಂತಾಯಿತು. ಮೂರು ತಿಂಗಳು ಆ ಕಡೆ ತಲೆಹಾಕಲಿಲ್ಲ. ಒಂದು ಸಂಜೆ ಅವರೇ ನಮ್ಮ ಮನೆಯ ಬಾಗಿಲಿಗೆ ಬಂದರು. ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತು, "ಹೇಳಿದ್ದು ಸರಿಯಿತ್ತು. ಹೇಳಿದ ರೀತಿ ತಪ್ಪಾಯಿತು. ಕ್ಷಮಿಸು" ಎಂದರು. ಒಳಗೆ ಬನ್ನಿ ಎಂದು ಕರೆಯುವುದಕ್ಕೂ ನನಗೆ ಮಾತು ಹೊರಡಲಿಲ್ಲ. ಅವರು ಅನೇಕ ವರ್ಷ ಮಾಡಿದ ಪ್ರಸಂಗಗಳಲ್ಲಿ ಎಷ್ಟು ನೆನಪಿವೆಯೋ ಕಾಣೆ, ಆ ಹೊಸ್ತಿಲಿನ ಮೂರು ವಾಕ್ಯಗಳು ಅಕ್ಷರ ಬಿಡದೆ ನೆನಪಿವೆ. ಮುಂದಿನ ಭಾನುವಾರದಿಂದ ನಾನು ಓದಿಕೊಂಡೇ ಹೋದೆ.

ಹಿರಿಯರಿಂದ ಕಲಿಯುವುದು ಹೆಚ್ಚಾಗಿ ಹೀಗೆಯೇ, ಕಿವಿಗಿಂತ ಕಣ್ಣಿನಿಂದ. ಎರಡನೆಯ ಶತಮಾನದ ಇರೇನಿಯಸ್ ತಮ್ಮ ಬಾಲ್ಯದ ಗುರು ಸ್ಮುರ್ನದ ಪಾಲಿಕಾರ್ಪರನ್ನು ನೆನೆದು ಬರೆದ ಪತ್ರದ ಒಂದು ಭಾಗವನ್ನು ಇತಿಹಾಸಕಾರ ಯುಸೇಬಿಯಸ್ ಉಳಿಸಿಕೊಟ್ಟಿದ್ದಾರೆ. ಆ ಧನ್ಯರು ಕುಳಿತು ಮಾತಾಡುತ್ತಿದ್ದ ಜಾಗ, ಅವರು ಹೋಗಿ ಬರುತ್ತಿದ್ದ ಬಗೆ, ಅವರ ಜೀವನದ ರೀತಿ, ಅವರ ರೂಪ, ಕರ್ತನನ್ನು ಕಣ್ಣಾರೆ ಕಂಡವರ ಬಗ್ಗೆ ಅವರು ಹೇಳುತ್ತಿದ್ದ ಮಾತು, ಎಲ್ಲವೂ ತಮಗೆ ನೆನಪಿದೆ ಎನ್ನುತ್ತಾರೆ ಇರೇನಿಯಸ್. ಅವನ್ನು ಕಾಗದದಲ್ಲಿ ಅಲ್ಲ, ಹೃದಯದಲ್ಲಿ ಬರೆದುಕೊಂಡೆ ಎನ್ನುತ್ತಾರೆ. ಕುಳಿತ ಜಾಗವನ್ನೂ ನೆನಪಿಟ್ಟ ಆ ಹುಡುಗ ಮುಂದೆ ಸಭೆಯ ಮಹಾ ಬೋಧಕರಲ್ಲಿ ಒಬ್ಬರಾದರು.

ಅಗಸ್ಟೀನರ ಅನುಭವ ಇನ್ನೂ ಹತ್ತಿರದ್ದು. 384ರಲ್ಲಿ ಮಿಲಾನಿಗೆ ಬಂದಾಗ ಅವರು ವಿಶ್ವಾಸಿಯಾಗಿರಲಿಲ್ಲ, ಭಾಷಣಕಲೆಯ ಅಧ್ಯಾಪಕರಾಗಿದ್ದರು. ಧರ್ಮಾಧ್ಯಕ್ಷ ಅಂಬ್ರೋಸರನ್ನು ಮೊದಲು ಪ್ರೀತಿಸಿದ್ದು ಸತ್ಯದ ಬೋಧಕರೆಂದಲ್ಲ, ತನ್ನ ಮೇಲೆ ದಯೆಯಿಟ್ಟ ಮನುಷ್ಯರೆಂದು, ಎಂದು ಅವರೇ ತಮ್ಮ ಆತ್ಮನಿವೇದನೆಯಲ್ಲಿ ಬರೆದಿದ್ದಾರೆ. ಅಂಬ್ರೋಸರನ್ನು ಕಾಣಲು ಹೋದಾಗ ಅವರು ಬಾಯಿ ಅಲ್ಲಾಡಿಸದೆ ಪುಟದ ಮೇಲೆ ಕಣ್ಣೋಡಿಸುತ್ತಾ ಮೌನವಾಗಿ ಓದುತ್ತಿರುತ್ತಿದ್ದರಂತೆ. ಬಾಗಿಲಿಗೆ ತಡೆಯಿರಲಿಲ್ಲ. ಬಂದವರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಅವರ ಓದನ್ನು ಕೆಡಿಸಲು ಮನಸ್ಸಾಗದೆ ಎದ್ದು ಹೋಗುತ್ತಿದ್ದರು. ನನಗೆ ಈ ಚಿತ್ರ ತುಂಬಾ ಇಷ್ಟ. ಕೇಳಬೇಕೆಂದು ಬಂದ ಪ್ರಶ್ನೆ ಒಳಗೇ ಉಳಿಯಿತು, ಆದರೂ ಬರಿಗೈಯಲ್ಲಿ ಹೋಗಲಿಲ್ಲ. ಮನಪರಿವರ್ತನೆಯಾದ ಮೇಲೆ, ಏನು ಓದಲಿ ಎಂದು ಅಗಸ್ಟೀನರು ಕೇಳಿಕಳುಹಿಸಿದಾಗ ಅಂಬ್ರೋಸರು ಯೆಶಾಯನ ಗ್ರಂಥವನ್ನು ಸೂಚಿಸಿದರು. ಅಗಸ್ಟೀನರಿಗೆ ಮೊದಲ ಭಾಗವೇ ಅರ್ಥವಾಗದೆ ಪಕ್ಕಕ್ಕಿಟ್ಟರು, ಇನ್ನಷ್ಟು ಪಳಗಿದ ಮೇಲೆ ಓದೋಣವೆಂದು. ಗುರು ತೋರಿಸಿದ ಪುಸ್ತಕ ಆ ಹೊತ್ತಿಗೆ ದಕ್ಕಲಿಲ್ಲ. ಅದರಿಂದ ಗುರುವಿನ ಮೇಲಿನ ಗೌರವವೇನೂ ಕುಂದಲಿಲ್ಲ. 387ರ ಈಸ್ಟರ್ ಜಾಗರಣೆಯ ರಾತ್ರಿ ಅವರಿಗೆ ದೀಕ್ಷಾಸ್ನಾನ ಕೊಟ್ಟವರು ಅದೇ ಅಂಬ್ರೋಸರು.

ಹಾಗೆಂದು ಹಿರಿಯರನ್ನು ದೇವರ ಜಾಗದಲ್ಲಿ ಕೂರಿಸುವ ಪ್ರಶ್ನೆಯೇ ಇಲ್ಲ. ಕೊರಿಂಥದಲ್ಲಿ ನಾನು ಪೌಲನವನು, ನಾನು ಅಪೊಲ್ಲೋಸನವನು ಎಂಬ ಪಂಗಡಗಳೆದ್ದಾಗ, ನಾನು ನೆಟ್ಟೆ, ಅಪೊಲ್ಲೋಸ ನೀರು ಹೊಯ್ದ, ಬೆಳೆಸಿದವನು ದೇವರು ಎಂದ ಪೌಲ. ಬೆರೋಯ ಪಟ್ಟಣದವರು ಪೌಲ ಹೇಳಿದ್ದನ್ನೂ ಶಾಸ್ತ್ರಗಳಲ್ಲಿ ಪ್ರತಿದಿನ ಹುಡುಕಿ ನೋಡಿದರು, ಅದಕ್ಕೆ ಲೂಕನು ಅವರನ್ನು ಹೊಗಳಿದ, ಬೈಯಲಿಲ್ಲ. ಪಾಲಿಕಾರ್ಪರು ರಕ್ತಸಾಕ್ಷಿಯಾದ ಮೇಲೆ ಸ್ಮುರ್ನದ ಸಭೆ ಬರೆದ ಪತ್ರದಲ್ಲಿ ಗೆರೆ ಸ್ಪಷ್ಟವಾಗಿದೆ: ಕ್ರಿಸ್ತನನ್ನು ಆರಾಧಿಸುತ್ತೇವೆ, ರಕ್ತಸಾಕ್ಷಿಗಳನ್ನು ಆತನ ಶಿಷ್ಯರೆಂದೂ ಆತನನ್ನು ಅನುಸರಿಸಿದವರೆಂದೂ ಪ್ರೀತಿಸುತ್ತೇವೆ. ಇಬ್ರಿಯರಿಗೆ ಬರೆದ ಪತ್ರದ ಹದಿಮೂರನೆಯ ಅಧ್ಯಾಯದಲ್ಲಿಯೂ ಇದೇ ಕ್ರಮ. ದೇವರ ವಾಕ್ಯವನ್ನು ನಿಮಗೆ ತಿಳಿಸಿದ ನಾಯಕರನ್ನು ಜ್ಞಾಪಕಮಾಡಿಕೊಳ್ಳಿರಿ, ಅವರ ನಡತೆಯ ಫಲವನ್ನು ಆಲೋಚಿಸಿ ಅವರ ನಂಬಿಕೆಯನ್ನು ಅನುಸರಿಸಿರಿ ಎನ್ನುತ್ತದೆ ಏಳನೆಯ ವಚನ. ಉಸಿರು ತೆಗೆದುಕೊಳ್ಳುವುದರೊಳಗೆ ಎಂಟನೆಯದು: ಯೇಸು ಕ್ರಿಸ್ತನು ನಿನ್ನೆಯೂ ಇಂದೂ ನಿರಂತರವೂ ಒಂದೇ ರೀತಿಯಾಗಿದ್ದಾನೆ. ನಾಯಕರು ಹೋಗುತ್ತಾರೆ. ಕೆಲವರು ಬೀಳುವುದೂ ಉಂಟು, ಆ ನೋವು ಉಂಡವರ ಕಣ್ಣೀರನ್ನು ನಾನು ಹಗುರವಾಗಿ ನೋಡಲಾರೆ. ಎಂಟನೆಯ ವಚನವಿಲ್ಲದೆ ಏಳನೆಯದನ್ನು ಓದುವ ಧೈರ್ಯ ನನಗಿಲ್ಲ.

ಮತ್ತೆ ಮೇಲಂಗಿಗೆ ಬರುತ್ತೇನೆ. ಪೌಲನ ಸುತ್ತ ಆಗ ಹಳೆಯ ಜೊತೆಗಾರರು ಹೆಚ್ಚು ಇರಲಿಲ್ಲ. ಜೊತೆಗಾರ ದೇಮನು ಬಿಟ್ಟುಹೋಗಿದ್ದ. ಮೊದಲ ವಿಚಾರಣೆಯಲ್ಲಿ ಪಕ್ಕಕ್ಕೆ ನಿಂತವರು ಒಬ್ಬರೂ ಇಲ್ಲ. ಅವರಲ್ಲಿ ಲೂಕನೊಬ್ಬನೇ ಜೊತೆಗಿದ್ದ. ಅಷ್ಟು ಸಭೆಗಳನ್ನು ನೆಟ್ಟವನಿಗೆ ಬೇಕಾಗಿದ್ದುದು ಬೆಚ್ಚಗಿನ ಬಟ್ಟೆ, ಓದಲು ಪುಸ್ತಕ, ಎದುರಿಗೆ ಕುಳಿತುಕೊಳ್ಳಲು ಒಬ್ಬ ಮಗ. ಚಳಿಗಾಲ ಬಂತೆಂದರೆ ಆ ಸಮುದ್ರದಲ್ಲಿ ಹಡಗುಗಳ ಓಡಾಟ ಹೆಚ್ಚುಕಡಿಮೆ ನಿಂತೇ ಹೋಗುತ್ತಿತ್ತು, ಮತ್ತೆ ವಸಂತದವರೆಗೆ ಕಾಯಬೇಕು. ಪೌಲನಿಗೆ ವಸಂತದ ಭರವಸೆ ಇರಲಿಲ್ಲ. ಅದಕ್ಕೇ ಪತ್ರದ ಕೊನೆಯಲ್ಲಿ ಮತ್ತೊಮ್ಮೆ: ಚಳಿಗಾಲಕ್ಕೆ ಮುಂಚೆಯೇ ಬರುವುದಕ್ಕೆ ಪ್ರಯತ್ನಮಾಡು. ತಿಮೊಥೆಯ ಸಮಯಕ್ಕೆ ತಲುಪಿದನೇ ಎಂಬುದನ್ನು ಸತ್ಯವೇದ ಹೇಳುವುದಿಲ್ಲ.

ಕಳೆದ ಜನವರಿ 26ರಂದು ನಾನು ನನ್ನ ಹಿರಿಯರನ್ನು ನೋಡಲು ಹೋದೆ. ನಾಳೆ ಹೋಗೋಣ, ಮುಂದಿನ ತಿಂಗಳು ಹೋಗೋಣ ಎಂದು ಒಂದು ವರ್ಷ ಕಳೆದಿತ್ತು. ಅವರ ಕಣ್ಣು ಈಗ ಮಂಜಾಗಿದೆ. ಬೆನ್ನು ಬಿಟ್ಟು ದಾರದಿಂದ ಹೊಲಿಸಿದ ಅದೇ ಸತ್ಯವೇದ ತೊಡೆಯ ಮೇಲಿತ್ತು, ಆದರೆ ಅವರ ಬೆರಳುಗಳು ಪುಟದ ಅಂಚನ್ನು ಸವರುತ್ತಿದ್ದವು, ಅಷ್ಟೇ. "ಬಂದೆಯಾ? ಒಳ್ಳೆಯದಾಯಿತು. ತಿಮೊಥೆಯನ ಪತ್ರ ಓದು" ಎಂದರು. ನಾಲ್ಕನೆಯ ಅಧ್ಯಾಯ ತೆಗೆದು ಓದಿದೆ. ಹೋರಾಟದ ವಚನ ಬಂದಾಗ ಅವರ ತುಟಿಯೂ ನನ್ನ ಜೊತೆಗೆ ಅಲುಗಿತು. ಕೊನೆಯ ವಂದನೆಗಳಿಗೆ ಬಂದಾಗ ಅವರು ದಣಿದಿರಬಹುದೆಂದು ಆ ಹೆಸರುಗಳನ್ನು ಬಿಟ್ಟು ಆಶೀರ್ವಾದಕ್ಕೆ ಹಾರಿದೆ.

ಅವರು ಕೈಯೆತ್ತಿ ತಡೆದರು. "ಹೆಸರುಗಳನ್ನು ಬಿಡಬೇಡ. ಅವರೆಲ್ಲ ಯಾರಿಗೋ ಬೇಕಾದವರು."

ನಾನು ಹಿಂದಕ್ಕೆ ಹೋಗಿ ನಿಧಾನವಾಗಿ ಓದಿದೆ. ಎರಸ್ತನು ಕೊರಿಂಥದಲ್ಲಿ ನಿಂತ. ತ್ರೊಫಿಮನು ಕಾಯಿಲೆಯಾಗಿದ್ದರಿಂದ ಮಿಲೇತದಲ್ಲಿ ಉಳಿದ. ಯೂಬೂಲ, ಪೂದೆಯ, ಲೀನ, ಕ್ಲೌದ್ಯ. ಒಂದೊಂದು ಹೆಸರಿಗೂ ಅವರು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ಮುಗಿದ ಮೇಲೆ ನನ್ನ ಹೆಸರನ್ನೂ ಮೆಲ್ಲಗೆ ಸೇರಿಸಿ ಪ್ರಾರ್ಥನೆ ಆರಂಭಿಸಿದರು.