ಕೊಟ್ಟ ಮನೆ ಬಿಟ್ಟು ಹೊಳೆ ದಂಡೆಗೇ ಯಾಕೆ ಹೋಗ್ತಾರೆ?

ನಾನು ಬಾಗಲಕೋಟೆ ಕಡೆಯವನು ಅಂತ ಗೊತ್ತಾದರೆ ಸಾಕು, ಮಳೆಗಾಲದಲ್ಲಿ ಗೆಳೆಯರು ಇದನ್ನೇ ಕೇಳುತ್ತಾರೆ: ‘ಸರ್ಕಾರ ಎತ್ತರದಲ್ಲಿ ಮನೆ ಕಟ್ಟಿಸಿ ಕೊಟ್ಟಿದೆ. ಆದರೂ ಹಳೇ ಊರಿಗೇ ಯಾಕೆ ಹೋಗ್ತಾರೆ? ಮತ್ತೆ ಹೊಳೆ ಬಂದರೆ ಪರಿಹಾರ ಯಾಕೆ ಕೊಡಬೇಕು?’

ಕೇಳುವವರ ಮನಸ್ಸು ಕೆಟ್ಟದ್ದಲ್ಲ. ಆದರೆ ತಪ್ಪು ಯಾರದ್ದು ಅಂತ ಆ ಪ್ರಶ್ನೆ ಮೊದಲೇ ತೀರ್ಮಾನ ಮಾಡಿಬಿಟ್ಟಿದೆ.

2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನರ ಜೀವ ತೆಗೆಯಿತು. ಮಣ್ಣಿನ ಗೋಡೆಗಳು ನೆನೆದು ನೆನೆದು ಕುಸಿದವು. ಆಮೇಲೆ ಸರ್ಕಾರ, ದಾನಿಗಳು ಸೇರಿ ‘ಆಸರೆ’ ಮನೆಗಳನ್ನು ಕಟ್ಟಿಸಿದರು. ಎಷ್ಟೋ ಊರುಗಳಲ್ಲಿ ಆ ಮನೆಗಳು ಖಾಲಿ ಉಳಿದವು. ಅಂಗಳದಲ್ಲಿ ಜಾಲಿ ಬೆಳೆಯಿತು.

ಅಂಥದೊಂದು ಮನೆಯ ಮುಂದೆ ನಿಂತು ಒಬ್ಬ ಅಜ್ಜಿಯನ್ನು ಕೇಳಿದ್ದೆ, ಇಲ್ಲೇ ಇರಬಹುದಲ್ಲ ಅಂತ. ‘ಎಮ್ಮಿ ಎಲ್ಲಿ ಕಟ್ಟಲೋ ತಮ್ಮಾ?’ ಅಂದಳು. ನಮ್ಮ ಹಳೇ ಮನೆಗಳಲ್ಲಿ ಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಗ್ವಾದಲಿ. ಅದರಾಚೆ ಪಡಸಾಲಿ. ಹಿತ್ತಲಲ್ಲಿ ಬಣವಿ, ಕುಳ್ಳಿನ ರಾಶಿ. ಹೊಸ ಮನೆಯಲ್ಲಿ ಸಣ್ಣ ಸಣ್ಣ ಕೋಣೆ, ತಗಡಿನ ಬಾಗಿಲು, ಅಷ್ಟೇ. ಹೊಲ ದೂರ. ಮೂವರು ಅಣ್ಣತಮ್ಮಂದಿರು ಬಾಳುತ್ತಿದ್ದ ಮನೆಗೂ ಎಷ್ಟೋ ಕಡೆ ಸಿಕ್ಕಿದ್ದು ಒಂದೇ ಮನೆ. ಮನೆ ಹೇಗಿರಬೇಕು ಅಂತ ಅಜ್ಜಿಯನ್ನು ಯಾರೂ ಕೇಳಿರಲಿಲ್ಲ.

2001ರ ಭೂಕಂಪದ ನಂತರ ಗುಜರಾತಿನ ಕಛ್‌ನಲ್ಲಿ ಬೇರೆ ದಾರಿ ಹಿಡಿದರು. ಬಹಳಷ್ಟು ಕುಟುಂಬಗಳಿಗೆ ಕಂತಿನಲ್ಲಿ ದುಡ್ಡು ಕೊಟ್ಟು, ಕಟ್ಟಡ ಗಟ್ಟಿಯಿದೆಯೇ ಅಂತ ನೋಡಲು ಎಂಜಿನಿಯರ್‌ಗಳನ್ನು ಕಳಿಸಿದರು. ಮನೆ ಕಟ್ಟಿಕೊಂಡವರು ಜನರೇ. ಅಲ್ಲೂ ತಕರಾರು ಇದ್ದವು. ಆದರೂ ತನ್ನ ಮನೆ ತಾನೇ ಕಟ್ಟಿಕೊಂಡವರು ಅದನ್ನು ಅಷ್ಟು ಸುಲಭಕ್ಕೆ ಬಿಟ್ಟು ಹೋಗಲ್ಲ, ಅಲ್ವಾ?

ಇನ್ನು ಪರಿಹಾರದ ಮಾತು. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಜಲಾಶಯ ತುಂಬಿ ನೀರು ಬಿಟ್ಟಾಗ ಮಲಪ್ರಭೆ ದಂಡೆಯ ಊರುಗಳು ಮತ್ತೆ ಮುಳುಗಿದವು. ಪಟ್ಟದಕಲ್ಲಿನ ಗುಡಿಗಳಿಗೂ ನೀರು ನುಗ್ಗಿತು. ಹುಬ್ಬಳ್ಳಿ-ಧಾರವಾಡ ಕುಡಿಯುವುದು ಅದೇ ಜಲಾಶಯದ ನೀರು. ಅಣೆಕಟ್ಟಿನ ಲಾಭ ದೂರದ ಊರಿಗೂ ಹೋಗುತ್ತದೆ, ತುಂಬಿ ಹರಿದಾಗಿನ ಹೊಡೆತ ಕೆಳಗಿನ ಊರಿಗೆ ಬೀಳುತ್ತದೆ. ಹಾಗಾಗಿ ಪೂರ್ತಿ ಬಿದ್ದ ಮನೆಗೆ ಆಗ ಸರ್ಕಾರ ಘೋಷಿಸಿದ 5 ಲಕ್ಷ ರೂಪಾಯಿಯನ್ನು ನಾನು ದಾನ ಅಂತ ಕರೆಯಲ್ಲ. ದಾನ ಅಂದರೆ ಪಡೆದವರು ಕೈ ಮುಗಿದು ಸುಮ್ನಿರಬೇಕು ಅಂತ ಬಯಸುತ್ತೇವೆ. ಇದು ನಾವು ತೀರಿಸಬೇಕಾದ ಬಾಕಿ.

ಹಾಗಂತ ಎಲ್ಲರೂ ದಂಡೆಯಲ್ಲೇ ಇರಲಿ ಅಂತ ನಾನು ಹೇಳಲ್ಲ. ಮಕ್ಕಳಿರುವ ಮನೆಗೆ ರಾತ್ರೋರಾತ್ರಿ ನೀರು ನುಗ್ಗುವ ಜಾಗದಿಂದ ಏಳಲೇಬೇಕು. ಆದರೆ ಏಳುವ ಮೊದಲು ಜಾಗ ತೋರಿಸಿ, ಊರವರನ್ನು ಕೂರಿಸಿ ಕೇಳಬೇಕು. ದನಕ್ಕೆ ಜಾಗ ಬೇಕು, ಬೇರೆಯಾದ ಅಣ್ಣತಮ್ಮಂದಿರಿಗೆ ಬೇರೆ ನಿವೇಶನ ಬೇಕು, ಹೊಲಕ್ಕೆ ದಾರಿ ಬೇಕು. ಹಕ್ಕುಪತ್ರ ಕೈಗೆ ಬರಬೇಕು. ಟಿವಿಯವರು ಹೋದ ಐದು ವರ್ಷದ ಮೇಲೂ ಯಾರಾದರೂ ಬಂದು ನಲ್ಲಿಯಲ್ಲಿ ನೀರು ಬರುತ್ತಾ ಅಂತ ವಿಚಾರಿಸಬೇಕು. ಇಷ್ಟೆಲ್ಲ ಆದ ಮೇಲೂ ಅಜ್ಜಿ ಹಳೇ ಊರಿಗೆ ಹೋದರೆ, ಆಗ ನಿಮ್ಮ ಪ್ರಶ್ನೆಯನ್ನು ನಾನೇ ಹೋಗಿ ಅವಳಿಗೆ ಕೇಳುತ್ತೇನೆ.