ಸಮುದ್ರ ಕೆಂಪಾಗಿದ್ದಕ್ಕೆ ನಾನೇನು ಮಾಡಲಿ?

ಮಳೆಗಾಲ ಶುರುವಾಯಿತು ಅಂದರೆ ನಮ್ಮ ಜಗಲಿಯಲ್ಲಿ ಈ ಪ್ರಶ್ನೆ ವಾರಕ್ಕೆ ಎರಡು ಸಲವಾದರೂ ಬರುತ್ತದೆ. ನಮ್ಮದು ಸಾಗರ ತಾಲ್ಲೂಕಿನಲ್ಲಿ, ಜೋಗದ ಕಡೆ ಒಂದು ಸಣ್ಣ ಹೋಂಸ್ಟೇ. ಎರಡು ರೂಮು, ಹಿಂದೆ ಅಡಿಕೆ ತೋಟ, ಅದರಾಚೆ ಹಳ್ಳ. ಬಂದವರು ಮೊದಲ ದಿನ ಜೋಗ ನೋಡುತ್ತಾರೆ. ಮಾರನೇ ದಿನ ಘಾಟಿ ಇಳಿದು ಹೊನ್ನಾವರ, ಮುರುಡೇಶ್ವರ ಅಂತ ಹೋಗುತ್ತಾರೆ. ಸಂಜೆ ಮುಖ ಊದಿಸಿಕೊಂಡು ವಾಪಸ್ ಬರುತ್ತಾರೆ.

"ಆಂಟಿ, ಸಮುದ್ರ ಯಾಕೆ ಅಷ್ಟು ಗಲೀಜು?"

ಬೆಳಿಗ್ಗೆ ಎದ್ದು ಸಮುದ್ರ ತೊಳೆದಿಡುವುದು ನನ್ನ ಕೆಲಸ, ಅವತ್ತು ಮರೆತುಬಿಟ್ಟೆ ಅನ್ನುವ ಹಾಗಿರುತ್ತದೆ ಕೇಳುವ ಧಾಟಿ. ಮೊದಮೊದಲು ಕಾಫಿ ಕೊಟ್ಟು, ಕೂರಿಸಿ ಹೇಳುತ್ತಿದ್ದೆ. ಈಗ ಸಾಕಾಗಿದೆ. ಬರೆದಿಡುತ್ತೇನೆ, ಓದಿಕೊಳ್ಳಿ.

ಅದು ಗಲೀಜಲ್ಲ, ಮಣ್ಣು. ಹೊಳೆಯಲ್ಲಿ ಬಂದರೆ ನಾವು ಅದನ್ನೇ ಕೆನ್ನೀರು ಅನ್ನುತ್ತೇವೆ. ಸಮುದ್ರಕ್ಕೆ ಹೋದ ತಕ್ಷಣ ಅದರ ಹೆಸರು ಯಾಕೆ ಕೆಡಬೇಕು? ನಮ್ಮ ಗುಡ್ಡಗಳದ್ದು ಜಂಬಿಟ್ಟಿಗೆ ಮಣ್ಣು. ಅದರಲ್ಲಿ ಕಬ್ಬಿಣ ಜಾಸ್ತಿ. ಹಳೇ ಕತ್ತಿಗೆ ಹಿಡಿಯುವ ತುಕ್ಕು ಇದೆಯಲ್ಲ, ಹೆಚ್ಚುಕಡಿಮೆ ಅದೇ ಬಣ್ಣ ಇದು. ಜೋರು ಮಳೆಗೆ ಈ ಮಣ್ಣು ಕರಗಿ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಅಳಿವೆಗೆ, ಅಂದರೆ ಹೊಳೆ ಸಮುದ್ರ ಸೇರುವ ಜಾಗಕ್ಕೆ, ಹೋಗುತ್ತದೆ.

ಅಳಿವೆಯಲ್ಲಿ ಒಂದು ತಮಾಷೆ ಇದೆ. ಹೊಳೆ ನೀರು ಹಗುರ, ಉಪ್ಪುನೀರು ಭಾರ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಹಾಗಾಗಿ ಹೊಳೆ ನೀರು ಕೂಡಲೇ ಬೆರೆಯುವುದಿಲ್ಲ, ಸಾರಿನ ಮೇಲಿನ ಎಣ್ಣೆಯ ಹಾಗೆ ತೇಲಿಕೊಂಡು ಹರಡುತ್ತದೆ. ಎತ್ತರದಲ್ಲಿ ನಿಂತು ನೋಡಿದರೆ ಈಚೆ ಕೆಂಪು, ಆಚೆ ಹಸಿರು ನೀಲಿ, ನಡುವೆ ನೊರೆ ಮತ್ತು ಕಸಕಡ್ಡಿಯ ಒಂದು ಗೆರೆ ಕಾಣುತ್ತದೆ. "ಮುರುಡೇಶ್ವರದಲ್ಲಿ ದೊಡ್ಡ ಹೊಳೆಯೇ ಇಲ್ವಲ್ಲ, ಅಲ್ಲೂ ಯಾಕೆ ರಾಡಿ?" ಅಂತ ಜಾಣರು ಕೇಳುತ್ತಾರೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಸೆಳೆತ ದಕ್ಷಿಣಕ್ಕೆ, ಹೊಳೆ ನೀರು ದಡಕ್ಕೆ ಅಂಟಿಕೊಂಡೇ ಆ ಕಡೆ ಸಾಗುತ್ತದೆ. ಜೊತೆಗೆ ಮಳೆಗಾಲದ ಅಲೆಗಳು ತಳದ ಮರಳು, ಕೆಸರು ಎಲ್ಲವನ್ನೂ ಕಡೆದು ಮೇಲೆ ತರುತ್ತವೆ.

ಇಷ್ಟೇ ಉತ್ತರ. ಇಷ್ಟಕ್ಕೇ ನಂಬುತ್ತಾರಾ? ಇಲ್ಲ.

ಎರಡು ವರ್ಷದ ಹಿಂದೆ, ಆರಿದ್ರಾ ಮಳೆ ಹೊಯ್ಯುತ್ತಿತ್ತು. ಬೆಂಗಳೂರಿನಿಂದ ಬಂದವರೊಬ್ಬರು ಕಾಸರಕೋಡು ಬೀಚಿನಲ್ಲಿ ಶರಾವತಿ ಅಳಿವೆ ಹತ್ತಿರ ಒಂದು ಲೀಟರ್ ಬಾಟಲಿ ತುಂಬಿಸಿಕೊಂಡು ಬಂದರು. ತಂದವರು ಅದನ್ನು ಎಲ್ಲಿಡಬೇಕು? ಊಟದ ಮೇಜಿನ ಮೇಲೆ, ಹಲಸಿನ ಹಣ್ಣಿನ ಕಡುಬಿನ ಪಕ್ಕದಲ್ಲಿ ಇಟ್ಟರು.

"ಇದನ್ನ ಲ್ಯಾಬಿಗೆ ಕಳಿಸ್ತೀನಿ ಮೇಡಂ. ಯಾವುದೋ ಫ್ಯಾಕ್ಟರಿ ನೀರು ಇದು. ನಿಮಗೆ ಗೊತ್ತಿದ್ರೂ ಹೇಳ್ತಿಲ್ಲ."

ಗೊತ್ತಿದ್ದೂ ಹೇಳದೇ ಇರುವಷ್ಟು ಸಂಯಮ ನನಗಿದ್ದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ನನಗೆ ರೇಗಿತು. ಛತ್ರಿ ಹಿಡಿದು ತೋಟದಾಚೆ ಹೋಗಿ ನಮ್ಮ ಹಳ್ಳದಿಂದ ಇನ್ನೊಂದು ಬಾಟಲಿ ತುಂಬಿಸಿ ತಂದೆ. ಎರಡನ್ನೂ ಜಗಲಿ ಕಟ್ಟೆಯ ಮೇಲೆ ಇಟ್ಟೆವು. ಎರಡೂ ಒಂದೇ ಕೆಂಪು. ಯಾವುದು ಯಾವುದು ಅಂತ ಮರೆಯಬಾರದೆಂದು ಹಳ್ಳದ್ದರ ಕುತ್ತಿಗೆಗೆ ಬಾಳೆನಾರು ಕಟ್ಟಿದೆ.

ಬೆಳಿಗ್ಗೆ ನೋಡಿದರೆ ಅವರು ಗೆದ್ದಂತೆ ಕಾಣುತ್ತಿತ್ತು. ಅವರ ಸಮುದ್ರದ ನೀರು ತಿಳಿಯಾಗಿದೆ, ತಳದಲ್ಲಿ ಮಾತ್ರ ಕೆಂಪು ಪದರ. ನನ್ನ ಹಳ್ಳದ ನೀರು ಮಾತ್ರ ಚಹಾದ ಹಾಗೆ ಬಗ್ಗಡವಾಗಿಯೇ ನಿಂತಿದೆ.

"ನೋಡಿ, ಎರಡೂ ಬೇರೆ ಬೇರೆ ಅಂತ ನಾನು ಹೇಳಿಲ್ವಾ?"

ನಾನು ಒಳಗೆ ಹೋಗಿ ಒಂದು ಚಮಚ ಉಪ್ಪು ತಂದೆ. ಹಳ್ಳದ ಬಾಟಲಿಗೆ ಹಾಕಿ, ಅಲುಗಾಡಿಸಿ, ಇಟ್ಟೆ. ಅವರು ದೋಸೆ ತಿನ್ನುವ ಹೊತ್ತಿಗೆ ನೀರಿನಲ್ಲಿ ಹಾಲು ಒಡೆದ ಹಾಗೆ ಸಣ್ಣ ಸಣ್ಣ ಕುಚ್ಚು ಕಟ್ಟಿತ್ತು. ಹೊರಡಲು ಬ್ಯಾಗು ಕಟ್ಟುವಷ್ಟರಲ್ಲಿ ಅದೂ ಕೆಳಗಿಳಿಯತೊಡಗಿತ್ತು.

ವಿಷಯ ಇದು. ಜೇಡಿಯ ಕಣ ಎಷ್ಟು ಸಣ್ಣದೆಂದರೆ, ಮಿಲಿಮೀಟರಿನ 500ರಲ್ಲಿ ಒಂದು ಪಾಲಿನಷ್ಟಿರುವ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಸುಮಾರು ಮೂರು ದಿನ ಬೇಕು. ಅದಕ್ಕಿಂತ ಸಣ್ಣದಾದರೆ ಇನ್ನೂ ನಿಧಾನ. ಸಿಹಿನೀರಿನಲ್ಲಿ ಈ ಕಣಗಳು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ, ಜಗಳವಾಡಿಕೊಂಡ ದಾಯಾದಿಗಳ ಹಾಗೆ. ಉಪ್ಪು ಬಿದ್ದರೆ ಆ ತಳ್ಳಾಟ ನಿಲ್ಲುತ್ತದೆ. ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ, ತಳ ಸೇರುತ್ತವೆ. ಬಾವಿ ನೀರು ಕೆಂಪಾದಾಗ ಪಟಿಕ ಹಾಕುತ್ತೇವಲ್ಲ, ಸಮುದ್ರ ತನ್ನ ಉಪ್ಪಿನಿಂದ ಹೆಚ್ಚುಕಡಿಮೆ ಅದೇ ಕೆಲಸ ಮಾಡಿಕೊಳ್ಳುತ್ತದೆ. ಮಳೆ ನಿಂತು ಅಲೆ ತಣ್ಣಗಾದ ಮೇಲೆ ಬನ್ನಿ, ಫೋಟೋದಲ್ಲಿರುವ ಸಮುದ್ರವೇ ಸಿಗುತ್ತದೆ.

ಹಾಗಂತ ಕೆಂಪು ನೀರಿಗೆ ಇಳಿಯಬೇಡಿ. ಮಣ್ಣಿನ ಜೊತೆ ಊರ ಚರಂಡಿಯೂ ಬಂದಿರುತ್ತದೆ. ಮಳೆಗಾಲದ ಅಲೆಯಂತೂ ಯಾರ ಮಾತನ್ನೂ ಕೇಳುವುದಿಲ್ಲ.

ಅವರು ಸೋತ ಹಾಗೆ ಕಾಣಲಿಲ್ಲ. "ಹಾಗಾದ್ರೆ ಇದೆಲ್ಲ ನಿಮ್ಮ ಕಡೆಯ ಮಣ್ಣು ಅನ್ನಿ" ಅಂದರು. ಇದು ಚುಚ್ಚಿತು. ನನ್ನ ಹತ್ತಿರ ಉತ್ತರ ತಯಾರಿತ್ತು. ನಮ್ಮ ಹಳ್ಳ ಸೇರುವುದು ಶರಾವತಿಗೆ ಕಟ್ಟಿದ ಲಿಂಗನಮಕ್ಕಿಯ ಹಿನ್ನೀರಿಗೆ. 1964ರಲ್ಲಿ ಮುಗಿದ ಅಣೆಕಟ್ಟು, 151 ಟಿಎಂಸಿ ನೀರು ಹಿಡಿಯುತ್ತದೆ. ಅದರ ಕೆಳಗೆ ಗೇರುಸೊಪ್ಪದಲ್ಲಿ ಇನ್ನೊಂದು ಕಟ್ಟೆ. ನಮ್ಮ ಮಣ್ಣು ಬಹುಪಾಲು ಅಲ್ಲೇ ಕೂರುತ್ತದೆ, ನಿಮ್ಮ ಬೀಚಿನವರೆಗೆ ಬರುವುದಿಲ್ಲ. ಅಣೆಕಟ್ಟೇ ಇಲ್ಲದ ಅಘನಾಶಿನಿಯನ್ನು ಹೋಗಿ ಕೇಳಿ, ಘಾಟಿಯ ಇಳಿಜಾರನ್ನು ಕೇಳಿ. ಹೀಗೆಲ್ಲ ಹೇಳಿದೆ. ಸುಳ್ಳಲ್ಲ. ಆದರೆ ಉಪ್ಪಿಲ್ಲದ ನೀರಿನಲ್ಲಿ ನುಣುಪು ಜೇಡಿ ಅಷ್ಟು ಬೇಗ ಕೂರುವುದಿಲ್ಲ ಅಂತ ಐದು ನಿಮಿಷದ ಹಿಂದೆ ನಾನೇ ತೋರಿಸಿದ್ದೆ. ಕಟ್ಟೆ ತುಂಬಿ ಗೇಟು ತೆಗೆದರೆ ಅದು ಹೊರಟೇಬಿಡುತ್ತದೆ. ಪುಣ್ಯಕ್ಕೆ ಅವರಿಗೆ ಅದು ಹೊಳೆಯಲಿಲ್ಲ.

ನನಗೆ ನಿಜಕ್ಕೂ ಯಾರಾದರೂ ಕೇಳಬೇಕಿದ್ದ ಪ್ರಶ್ನೆ ಬೇರೆ. ಸಮುದ್ರ ಯಾಕೆ ಕೆಂಪಾಯಿತು ಅಂತಲ್ಲ. "ನಿಮ್ಮ ಹಳ್ಳ ಯಾಕೆ ಇಷ್ಟು ಕೆಂಪು?" ಅಂತ. ಮಳೆ ನಿಂತ ಮೇಲೆ ಸಮುದ್ರ ತಿಳಿಯಾಗುತ್ತದೆ. ಹೋದ ಮಣ್ಣು ಗುಡ್ಡ ಹತ್ತಿ ವಾಪಸ್ ಬರುತ್ತದಾ?

ಯಾರೂ ಕೇಳದಿದ್ದರೂ ಹೇಳುತ್ತೇನೆ. ನಾನು ಈ ಮನೆಗೆ ಬಂದಾಗ ಹಳ್ಳ ಮೊದಲ ಮಳೆಗೆ ಕೆಂಪಾಗುತ್ತಿತ್ತು, ಆಮೇಲೆ ತಿಳಿಯಾಗುತ್ತಿತ್ತು. ಬೆಟ್ಟದಲ್ಲಿ ದರಕು, ಅಂದರೆ ಒಣಗಿದ ಎಲೆ, ಗೇಣುದ್ದ ಬಿದ್ದಿರುತ್ತಿತ್ತು. ಮಳೆಹನಿ ಎಲೆಯ ಮೇಲೆ ಬಿದ್ದು ಸದ್ದು ಮಾಡುತ್ತಿತ್ತೇ ಹೊರತು ಮಣ್ಣಿಗೆ ಹೊಡೆಯುತ್ತಿರಲಿಲ್ಲ. ಮಾವ ಮಳೆಗಾಲಕ್ಕೆ ಮುಂಚೆ ಮನೆಯ ಹಿಂದಿನ ಧರೆಗೆ, ಅಂದರೆ ಕಡಿದಾದ ಮಣ್ಣಿನ ದಿಬ್ಬಕ್ಕೆ, ಅಡಿಕೆ ಸೋಗೆ ಹೊದಿಸುತ್ತಿದ್ದರು. ಬುಡದಿಂದ ಮೇಲಕ್ಕೆ, ಹೆಂಚು ಹೊದೆಸುವ ಹಾಗೆ ಒಂದರ ಮೇಲೊಂದು, ಬಿದಿರು ಗಳ ಅಡ್ಡ ಇಟ್ಟು ಬಿಗಿದು. ಕೆಳಗಿನ ಸಾಲು ಸರಿಯಿಲ್ಲದಿದ್ದರೆ ಪೂರ್ತಿ ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದರು. ನಮಗೆಲ್ಲ ಅವರ ಮೇಲೆ ಸಿಟ್ಟು.

ಆಮೇಲೆ ಹೋಂಸ್ಟೇ ಮಾಡಿದೆವು. ಎರಡು ಕಾರು ನಿಲ್ಲಲು ಜಾಗ ಬೇಕಿತ್ತು. ಜೆಸಿಬಿ ಬಂತು, ಒಂದೇ ಮಧ್ಯಾಹ್ನದಲ್ಲಿ ಧರೆ ಕಡಿದು ಸಪಾಟು ಮಾಡಿ ಹೋಯಿತು. ಆ ವರ್ಷ ಸೋಗೆ ಹೊದಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಆಶ್ಲೇಷ ಮಳೆ ಮುಗಿಯುವಷ್ಟರಲ್ಲಿ ಒಂದು ಮೂಲೆ ಜರಿದು ಹಳ್ಳಕ್ಕೇ ಹೋಗಿತ್ತು. ನಾನು ಬಾಟಲಿಯಲ್ಲಿ ತುಂಬಿಸಿ ತಂದೆನಲ್ಲ, ಅದರಲ್ಲಿ ನಮ್ಮ ಧರೆಯೂ ಒಂದು ಪಾಲು ಇತ್ತು. ಆ ಮಹಾಶಯರ ಕಾರು ನಿಂತಿದ್ದೂ ಅದೇ ಸಪಾಟಿನ ಮೇಲೆ. ಇದನ್ನು ಅವತ್ತು ನಾನು ಹೇಳಲಿಲ್ಲ. ಅಷ್ಟರಲ್ಲಿ ಅವರು ಬಿಲ್ಲು ಕೊಟ್ಟಿದ್ದರು.

ಈಗ ಮತ್ತೆ ಸೋಗೆ ಹೊದಿಸುತ್ತಿದ್ದೇವೆ. ಮಾವನಷ್ಟು ನೀಟಾಗಿ ಬರುವುದಿಲ್ಲ, ಗಾಳಿಗೆ ಎದ್ದುಹೋಗುತ್ತದೆ, ಮತ್ತೆ ಕಟ್ಟುತ್ತೇವೆ. ಬರುವವರು ಒಂದು ಉಪಕಾರ ಮಾಡಿ. ಕಾರು ಹಿಂದೆ ತೆಗೆಯುವಾಗ ಆ ಸೋಗೆಗೆ ತಾಗಿಸಬೇಡಿ.